ಸ್ಟ್ರಾಬೆರಿ ದಾಯವಿಚಾರ

ಹಿತ್ತಲಿನಲ್ಲಿ ಸ್ಟ್ರಾಬೆರಿ ಬೆಳೆಯಹೊರಟವನು ತೋಟಗಾರಿಕೆಯ ಪುಸ್ತಕಗಳಿಗಿಂತ ಮುಂಚೆ ಧರ್ಮಶಾಸ್ತ್ರವನ್ನು ಓದತಕ್ಕದ್ದೆಂಬುದು ಈ ಪ್ರಬಂಧದ ಪ್ರತಿಜ್ಞೆ. ಗೊಬ್ಬರ, ನೀರು, ಬಿಸಿಲು ಮೊದಲಾದ ಲೌಕಿಕ ವಿಷಯಗಳನ್ನು ನರ್ಸರಿಯ ಮಾಲಿಯೇ ಹೇಳಿಬಿಡುತ್ತಾನೆ. ಆದರೆ ತಾಯಿಗಿಡವು ಬದುಕಿರುವಾಗಲೇ ಅದರ ಬುಡದಿಂದ ಹೊರಟ ಬಳ್ಳಿಯು ಗೇಣುದೂರ ಹರಿದು, ಗೆಣ್ಣಿನಲ್ಲಿ ಚಿಗುರಿ, ಬೇರಿಳಿಸಿ, ಮಗಳೊಬ್ಬಳನ್ನು ಪ್ರತಿಷ್ಠಾಪಿಸಿದಾಗ ಆ ಮಗಳಿಗೆ ಮಡಿಯ ಮಣ್ಣಿನಲ್ಲಿ ಹಕ್ಕುಂಟೋ ಇಲ್ಲವೋ ಎಂದು ಕೇಳಿದರೆ ಅವನು ಬೀಡಿ ಹಚ್ಚಿಕೊಳ್ಳುತ್ತಾನೆಯೇ ಹೊರತು ಉತ್ತರ ಕೊಡಲಾರ.

ಇಲ್ಲಿ ಪೂರ್ವಪಕ್ಷವು ವಂಗದೇಶದ ಜೀಮೂತವಾಹನನದು. ಒಡೆಯನು ಗತಿಸಿದ ಮೇಲಲ್ಲದೆ ಸಂತತಿಗೆ ಸ್ವಾಮ್ಯವಿಲ್ಲವೆಂಬ ಅವನ ದಾಯಭಾಗಮತವನ್ನು ನಂಬಿ, ಬಸವನಗುಡಿಯ ನಮ್ಮ ಹಿತ್ತಲಿನಲ್ಲಿ ನಾನು ಮೂರು ವರ್ಷ ತಾಯಿಗಿಡಗಳ ಅವಸಾನವನ್ನೇ ಕಾಯುತ್ತ ಕುಳಿತೆ. ಅವು ಸಾಯಲಿಲ್ಲ, ಮುದಿಯಾದವು. ಮೊದಲ ವರ್ಷ ಹೆಬ್ಬೆರಳಿನಷ್ಟಿದ್ದ ಹಣ್ಣು ಮೂರನೆಯ ವರ್ಷಕ್ಕೆ ಕಡಲೆಕಾಯಿಬೀಜದಷ್ಟಾಯಿತು. ಬಳ್ಳಿಗಳು ಬಿಡಿಸಲಾಗದಂತೆ ಸಿಕ್ಕುಗಟ್ಟಿ, ತಾಯಿ, ಮಗಳು, ಮೊಮ್ಮಗಳು ಒಂದೇ ಹಿಡಿ ಗೊಬ್ಬರಕ್ಕೆ ಕಾದಾಡುತ್ತಿರಲು, ಹಣ್ಣಾದ ಒಂಬತ್ತನ್ನು ಪಿಕಳಾರ ಹಕ್ಕಿಗಳು ಯಾವ ಸ್ಮೃತಿವಾಕ್ಯವನ್ನೂ ಉದಾಹರಿಸದೆ ಭುಂಜಿಸಿದವು.

ಆದುದರಿಂದ ಸಿದ್ಧಾಂತವು ನಮ್ಮ ಕಲ್ಯಾಣದಿಂದಲೇ ಬರಬೇಕಾಯಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಹಕ್ಕು ಹುಟ್ಟಿನಿಂದಲೇ ಬರುವುದೆಂದನಲ್ಲದೆ, ಸಪಿಂಡರೆಂದರೆ ಒಂದೇ ಶರೀರದ ಅಂಶವನ್ನು ಹಂಚಿಕೊಂಡವರೆಂದು ಅರ್ಥಮಾಡಿದನು. ಒಂದೇ ಬಳ್ಳಿಯ ರಸದಲ್ಲಿ ತಾಯಿಮಗಳಿಬ್ಬರೂ ಬದುಕುವ ಈ ಗಿಡಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಆತನಿಗೆ ಮತ್ತಾವುದು ಬೇಕಿತ್ತು? ಮಿತಾಕ್ಷರದ ಆ ಮಾತು ಪುತ್ರರಿಗೆ ಸಂಬಂಧಿಸಿದ್ದೆಂದು ಆಕ್ಷೇಪಿಸುವವರು ತುಳುನಾಡಿಗೆ ಹೋಗಿ ಅಳಿಯಸಂತಾನದ ಕಟ್ಟನ್ನು ವಿಚಾರಿಸಿಕೊಂಡು ಬರಬಹುದು.

ವಿಜ್ಞಾನೇಶ್ವರನು ಸ್ಟ್ರಾಬೆರಿಯನ್ನು ಹೆಸರಿಸದಿದ್ದುದು ಅವನ ದೋಷವಲ್ಲ. 1714ರಲ್ಲಿ ಫ್ರೆಜಿಯೆ ಎಂಬ ಫ್ರೆಂಚ್ ಸೇನಾ ಇಂಜಿನಿಯರು, ಚಿಲಿ ದೇಶದ ಕೋಟೆಗಳ ಗುಟ್ಟು ತಿಳಿಯಹೋದವನು, ಅಲ್ಲಿಂದ ದೊಡ್ಡ ಹಣ್ಣಿನ ಗಿಡಗಳನ್ನು ಹಡಗಿನಲ್ಲಿ ಸಾಕಿಕೊಂಡು ತಂದನು. ಊರು ಸೇರಿದಾಗ ಉಳಿದಿದ್ದವು ಐದು, ಎಲ್ಲವೂ ಹೆಣ್ಣು. ಉತ್ತರ ಅಮೆರಿಕದ ವರ್ಜೀನಿಯಾ ಜಾತಿಯ ವರನು ಪಕ್ಕದ ಮಡಿಗೆ ಬರುವವರೆಗೆ ಅವು ಬಂಜೆಯಾಗಿಯೇ ನಿಂತವು. ಇಂದಿನ ಸ್ಟ್ರಾಬೆರಿಯು ಈ ಸಂಬಂಧದ ಫಲವೆಂದು 1766ರಲ್ಲಿ ಡ್ಯೂಶೇನ್ ಎಂಬ ತರುಣ ಪಂಡಿತನು ನಿರ್ಣಯಿಸಿದನು. ವಧೂವರರ ಗೋತ್ರವಿಚಾರವನ್ನು ನಾನು ಬೆಳೆಸುವುದಿಲ್ಲ.

ಇನ್ನು ಪ್ರಯೋಗ. ಮಳೆಗಾಲದಲ್ಲಿ ಹುರುಪಾದ ತಾಯಿಯ ಒಂದೆರಡು ಬಳ್ಳಿಗಳನ್ನು ಮಾತ್ರ ಉಳಿಸಿಕೊಂಡು, ಮಿಕ್ಕವನ್ನು ಚಿವುಟಿ, ತಾಯಿಗೆ ಹತ್ತಿರದ ಮೊದಲ ಮಗಳನ್ನು ಮಣ್ಣು ತುಂಬಿದ ಕುಂಡದ ಮೇಲೆ ಕೂರಿಸಿ ತಲೆಪಿನ್ನಿನಿಂದ ಬಂಧಿಸತಕ್ಕದ್ದು. ಸುಳಿಯು ಮಣ್ಣಿನ ಮಟ್ಟಕ್ಕಿರಬೇಕು, ಹೂತರೆ ಕೊಳೆಯುವುದು, ಎತ್ತಿದರೆ ಒಣಗುವುದು. ವಿಭಾಗಕಾಲವು ನಾಲ್ಕು ವಾರವೋ ಆರು ವಾರವೋ ಎಂಬ ವಿವಾದದ ಬಗ್ಗೆ ನಾನು ಜಗಲಿಯಲ್ಲಿ ಕುಳಿತು ಐದನೆಯ ಪುಟವನ್ನು ಬರೆಯುತ್ತಿರಲು, ಮದುವೆಮನೆಗೆ ಹೊರಟಿದ್ದ ನನ್ನಾಕೆ ಬಂದು, “ನನ್ನ ಪಿನ್ನುಗಳನ್ನೆಲ್ಲ ತೊಗೊಂಡುಹೋಗಿ ಮಣ್ಣಿಗೆ ಚುಚ್ಚಿದ್ದೀರಲ್ಲಾ!” ಎಂದು, ಕುಂಡದಿಂದ ಒಂದನ್ನು ಸರಕ್ಕನೆ ಕಿತ್ತು, ಸೆರಗಿನ ತುದಿಯಲ್ಲಿ ಒರೆಸಿ, ತುರುಬಿಗೆ ಸಿಕ್ಕಿಸಿಕೊಂಡು ಹೊರಟುಹೋದಳು. ಗಿಡ ಕದಲಲಿಲ್ಲ. ನಾನು ಲೇಖನಿಯನ್ನು ಕೆಳಗಿಟ್ಟು ಕತ್ತರಿಯನ್ನು ಹುಡುಕಲು ಒಳಗೆ ಹೋದೆನು.