ಹೇಗೆ ಬೇಯಿಸಲಿ, ಸಾರ್?

ನನ್ನ ಸೋದರಳಿಯ ಇರುವುದು ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ. 2020ರ ಜನಗಣತಿಯ ಪ್ರಕಾರ ಅಲ್ಲಿಯ ಜನ ಸುಮಾರು 1.13 ಲಕ್ಷ. ನಮ್ಮ ಮಂಡ್ಯಕ್ಕಿಂತ ಚಿಕ್ಕ ಊರು. ಆದರೂ ಅಮೆರಿಕದವರಲ್ಲಿ ಅದಕ್ಕೊಂದು ವಿಚಿತ್ರ ಮರ್ಯಾದೆ. ಹಿಂದೆ ನಾಟಕ ಕಂಪನಿಗಳವರು ಹೊಸ ಆಟ ಕಟ್ಟಿದಾಗ ‘ಇದು ಪಿಯೋರಿಯಾದಲ್ಲಿ ಓಡುತ್ತದೆಯೇ?’ ಎಂದು ಕೇಳಿಕೊಳ್ಳುತ್ತಿದ್ದರಂತೆ. ಅಲ್ಲಿ ಓಡಿದ್ದು ಎಲ್ಲಿಯೂ ಓಡುತ್ತದೆ ಎಂಬ ನಂಬಿಕೆ. ಅಳಿಯನಿಗೆ ಅನ್ನ ಹಾಕುವುದು ಕ್ಯಾಟರ್‌ಪಿಲ್ಲರ್ ಕಂಪನಿ. ಅದು 2017ರಲ್ಲಿ ಮುಖ್ಯ ಕಚೇರಿಯನ್ನು ಶಿಕಾಗೋ ಪಕ್ಕಕ್ಕೂ ಆಮೇಲೆ ಟೆಕ್ಸಾಸಿಗೂ ಎತ್ತಿಕೊಂಡು ಹೋದರೂ ಆ ಭಾಗದ ಕಾರ್ಖಾನೆಗಳನ್ನು ಉಳಿಸಿಕೊಂಡಿದೆ. ನಮ್ಮ ಭಾವ ಮಾತ್ರ ಊರಲ್ಲಿ ಎಲ್ಲರಿಗೂ ‘ಮಗ ಜೆಸಿಬಿ ಮಾಡ್ತಾನೆ’ ಎಂದೇ ಹೇಳಿಕೊಂಡು ಬಂದಿದ್ದಾರೆ. ಹಳದಿ ಬಣ್ಣದ, ಮಣ್ಣು ತೋಡುವ ಯಂತ್ರವೆಲ್ಲ ಅವರಿಗೆ ಜೆಸಿಬಿಯೇ. ಅದು ಎದುರಾಳಿ ಕಂಪನಿಯ ಹೆಸರು ಎಂದು ಮಗ ತಿಳಿಸಿ ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ಅಕ್ಕ, ಭಾವನ ಜೊತೆ ನಾನೂ ಅಲ್ಲಿಗೆ ಹೋಗಿದ್ದಾಗ ಅವನು ಊರಿನ ದೊಡ್ಡ ಸ್ಟೇಕ್ ಹೌಸ್‌ನಲ್ಲಿ ಮೇಜು ಕಾದಿರಿಸಿದ. ಒಳಗೆ ಕರಿಮರದ ಗೋಡೆ, ಚರ್ಮದ ಸೋಫಾ, ಮೇಜಿಗೊಂದು ಮಿಣುಕು ದೀಪ. ಬೆಲೆ ಹೆಚ್ಚಿರುವ ಕಡೆ ಬೆಳಕು ಕಡಿಮೆ ಇರಬೇಕೆಂಬ ನಿಯಮ ಲೋಕದಲ್ಲೆಲ್ಲ ಇದ್ದಂತಿದೆ. ಸುತ್ತಲ ಮೇಜುಗಳಲ್ಲಿ ಸೂಟು ತೊಟ್ಟ ಯಜಮಾನರು ಮೊಬೈಲಿನ ಟಾರ್ಚ್ ಹಾಕಿಕೊಂಡು ಮೆನು ಓದುತ್ತಿದ್ದರು. ಬೆಲೆಯ ಮುಂದೆ ಡಾಲರ್ ಗುರುತು ಇರಲಿಲ್ಲ, ಬರೀ ಅಂಕಿ. ಭಾವ ಅದನ್ನು ಐಟಂ ನಂಬರ್ ಅಂದುಕೊಂಡು ಒಂದೆರಡು ನಿಮಿಷ ನೆಮ್ಮದಿಯಾಗಿದ್ದರು.

ನಾವು ಬೆಳೆದದ್ದು ಮಿಲಿಟರಿ ಹೋಟೆಲುಗಳಲ್ಲಿ. ಅಲ್ಲಿ ಗಿರಾಕಿ ಕೂತ ಕೂಡಲೇ ಎಲೆ ಬೀಳುತ್ತದೆ, ಎಲೆಯ ಮೇಲೆ ಮುದ್ದೆ ಬೀಳುತ್ತದೆ. ‘ಚಾಪ್ಸಾ, ಬೋಟಿಯಾ?’ ಇಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ತಡವಾದರೆ ಎರಡೂ ಬರುತ್ತವೆ. ಎಷ್ಟು ಬೇಯಬೇಕು, ಎಷ್ಟು ಖಾರ ಇರಬೇಕು ಎಂಬುದನ್ನು ಒಲೆಯ ಮುಂದಿನವನು ಬೆಳಿಗ್ಗೆಯೇ ತೀರ್ಮಾನಿಸಿರುತ್ತಾನೆ. ಅದರಲ್ಲಿ ನಮ್ಮ ಅಭಿಪ್ರಾಯಕ್ಕೆ ಜಾಗವಿಲ್ಲ, ನಮಗೆ ಅಂಥ ಅಭಿಪ್ರಾಯವೂ ಇಲ್ಲ.

ಇಲ್ಲಿ ಬಂದ ಹುಡುಗ ತನ್ನ ಹೆಸರು ಹೇಳಿ, ನಮ್ಮ ಆರೋಗ್ಯ ವಿಚಾರಿಸಿ, ಶುರು ಮಾಡಿದ. ನೀರು ಯಾವುದು, ಗುಳ್ಳೆಯದೋ, ಗುಳ್ಳೆ ಇಲ್ಲದ್ದೋ, ನಲ್ಲಿಯದೋ? ಸಲಾಡಿಗೆ ರ‍್ಯಾಂಚೋ, ಇಟಾಲಿಯನ್ನೋ, ಬ್ಲೂ ಚೀಸೋ? ಆಲೂಗಡ್ಡೆ ಇಡಿಯಾಗಿ ಸುಟ್ಟದ್ದೋ, ಹಿಸುಕಿದ್ದೋ, ಕರಿದದ್ದೋ? ಸುಟ್ಟದ್ದಾದರೆ ಮೇಲೆ ಬೆಣ್ಣೆಯೋ, ಹುಳಿ ಕೆನೆಯೋ, ಎರಡೂವೋ? ಪಹಣಿ ತಿದ್ದಿಸಲು ನಾಡಕಚೇರಿಗೆ ಹೋದಾಗಲೂ ನನ್ನನ್ನು ಇಷ್ಟು ಕೇಳಿರಲಿಲ್ಲ. ಇಷ್ಟೆಲ್ಲ ಕೇಳಿದ ಮೇಲೂ ಆಲೂಗಡ್ಡೆಗೆ ಬೇರೆ ದುಡ್ಡು, ಸೊಪ್ಪಿಗೆ ಬೇರೆ ದುಡ್ಡು.

ಅಂದು ಶನಿವಾರ. ಅಕ್ಕ ಶನಿವಾರ ಮಾಂಸ ಮುಟ್ಟುವುದಿಲ್ಲ. ಅಳಿಯ ಅದನ್ನು ಹುಡುಗನಿಗೆ ವಿವರಿಸಿದ. ಹುಡುಗ ಗಾಬರಿಯಾಗಿ, ಅಲರ್ಜಿಯೇ, ಅಡುಗೆಮನೆಗೆ ತಿಳಿಸಬೇಕೇ ಎಂದು ಕೇಳಿದ. ಅಕ್ಕ ‘ಅಲರ್ಜಿ ಅಲ್ಲ ಕಣಪ್ಪಾ, ಆಂಜನೇಯ’ ಎಂದಳು. ಅವನು ಬರೆದುಕೊಂಡ. ಏನು ಬರೆದುಕೊಂಡನೋ.

ನಾನು ಕುರಿಮರಿಯ ಚಾಪ್ಸ್ ಹೇಳಿದೆ. ಭಾವನೂ ಅದನ್ನೇ. ಅಳಿಯ ಮಾತ್ರ ಅಪ್ಪನ ಮುಖ ನೋಡದೆ ದನದ ರಿಬ್-ಐ ಸ್ಟೇಕ್ ಹೇಳಿದ. ಅಪ್ಪ ಕೇಳಿಸದವರಂತೆ ಗೋಡೆಯ ಚಿತ್ರ ನೋಡಿದರು. ಪರದೇಶದಲ್ಲಿ ಸಂಸಾರಗಳು ನಡೆಯುವುದೇ ಹೀಗೆ. ಆಮೇಲೆ ಮುಖ್ಯ ಪ್ರಶ್ನೆ ಬಂತು. ಹೇಗೆ ಬೇಯಿಸಲಿ?

‘ಚೆನ್ನಾಗಿ’ ಎಂದರು ಭಾವ. ಮೇಜಿನಡಿ ಅಳಿಯ ನನ್ನ ಕಾಲು ಒತ್ತಿದ. ಚೆನ್ನಾಗಿ ಬೇಯಿಸಿ ಅನ್ನುವುದು ಇಂಥ ಕಡೆ ಬಾಣಸಿಗನ ಮನಸ್ಸು ನೋಯಿಸುವ ಮಾತಂತೆ. ಒಳಭಾಗ ಸುಮಾರು 130 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಇಳಿಸಿದರೆ ಮೀಡಿಯಂ ರೇರ್, ಅದೇ ದೊಡ್ಡ ಮನುಷ್ಯರ ಲಕ್ಷಣ. 160 ದಾಟಿದರೆ ನಮ್ಮಂಥವರದ್ದು. ಆಂಥನಿ ಬೋರ್ಡೇನ್ ಎಂಬ ಬಾಣಸಿಗ 1999ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಅಡುಗೆಮನೆಯ ಗುಟ್ಟೊಂದನ್ನು ಬಿಟ್ಟುಕೊಟ್ಟಿದ್ದ. ನಾರು ಹೆಚ್ಚಿರುವ, ಸ್ವಲ್ಪ ಹಳತಾದ ತುಂಡನ್ನು ಎಸೆಯದೆ, ‘ಚೆನ್ನಾಗಿ ಬೇಯಿಸಿ’ ಅನ್ನುವ ಗಿರಾಕಿ ಬರಲಿ ಎಂದು ಎತ್ತಿಡುವ ವಾಡಿಕೆ ಇತ್ತಂತೆ. ಕರಿಕಾಗುವಷ್ಟು ಬೆಂದ ಮೇಲೆ ಅವನಿಗೆ ರುಚಿ ಗೊತ್ತಾಗುವುದಿಲ್ಲವಲ್ಲ. ಇದನ್ನು ನಾನು ಭಾವನಿಗೆ ಹೇಳಲಿಲ್ಲ. ಅವರ ಹಲ್ಲು ಗಟ್ಟಿಯಾಗಿದೆ.

ಅಳಿಯನ ತಟ್ಟೆಯಲ್ಲಿ ಕೆಂಪು ನೀರು ಹರಿದಾಗ ಅಕ್ಕ ಸೆರಗು ಮೂಗಿಗೆ ಹಿಡಿದಳು. ‘ಅಮ್ಮಾ, ಇದು ರಕ್ತ ಅಲ್ಲ, ಮಯೋಗ್ಲೋಬಿನ್. ಸ್ನಾಯುವಿನೊಳಗಿನ ಪ್ರೋಟೀನು, ಜೊತೆಗೆ ನೀರು’ ಎಂದು ಅವನು ಪಾಠ ಒಪ್ಪಿಸಿದ. ಅವನು ಹೇಳಿದ್ದು ನಿಜ. ರಕ್ತ ಬಹುಪಾಲು ಕಡಿಯುವಾಗಲೇ ಹರಿದುಹೋಗಿರುತ್ತದೆ. ‘ಏನಾದರೂ ಇರಲಿ, ಅದನ್ನ ಆ ಕಡೆ ತಿರುಗಿಸಿಟ್ಕೊ’ ಎಂದಳು ಅಕ್ಕ.

ಅವನ ತುಂಡು 28 ದಿನ ಇಟ್ಟು ಮಾಗಿಸಿದ್ದು ಎಂದು ಮೆನುವಿನಲ್ಲಿ ಹೆಮ್ಮೆಯಿಂದ ಬರೆದಿದ್ದರು. ಹೆಪ್ಪುಗಟ್ಟಲು ಸ್ವಲ್ಪ ಉಳಿದಿರುವಷ್ಟು ತಣ್ಣನೆಯ ಕೋಣೆಯಲ್ಲಿ ಗಾಳಿಗಿಟ್ಟರೆ ನೀರು ಆರಿ ರುಚಿ ಗಟ್ಟಿಯಾಗುತ್ತದೆ, ಮಾಂಸದಲ್ಲೇ ಇರುವ ಕಿಣ್ವಗಳು ನಾರನ್ನು ಸಡಿಲಿಸುತ್ತವೆ. ಒಣಗಿದ ಹೊರಪದರವನ್ನು ಹೆರೆದು ಬಿಸಾಡಬೇಕು, ಅದಕ್ಕೇ ದುಬಾರಿ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಕಡಿದದ್ದು ಮಧ್ಯಾಹ್ನ ಸಾರಾಗದಿದ್ದರೆ ಅಂಗಡಿಯವನ ವಂಶವೇ ಬೈಸಿಕೊಳ್ಳುತ್ತದೆ.

ನನ್ನ ಚಾಪ್ಸ್ ಮೆತ್ತಗೆ, ರಸವಾಗಿ, ನಿಜಕ್ಕೂ ಸೊಗಸಾಗಿತ್ತು. ಬರೀ ಉಪ್ಪು, ಮೆಣಸು, ಬೆಂಕಿ. ಮಸಾಲೆಯ ಮರೆಯಿಲ್ಲದೆ ಮಾಂಸ ಇಷ್ಟು ಮಾತಾಡಬಲ್ಲದು ಎಂದು ನಾನು ತಿಳಿದಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವಷ್ಟರಲ್ಲಿ, ಬಾಯಿ ತುಂಬಿದ್ದ ಸಮಯ ನೋಡಿಯೇ ಹುಡುಗ ಬಂದು ‘ಎಲ್ಲ ಹೇಗಿದೆ?’ ಎಂದು ಕೇಳಿದ. ಕೊನೆಗೆ ಮಿಕ್ಕಿದ್ದಕ್ಕೆ ಡಬ್ಬಿ ಬೇಕೇ, ಬಿಲ್ಲು ಒಂದೋ ಎರಡೋ. ಆಮೇಲೆ ಬಿಲ್ಲೇ ಪ್ರಶ್ನೆ ಕೇಳಿತು: ಟಿಪ್ಸ್ 18 ಪರ್ಸೆಂಟೋ, 20ಓ, 22ಓ?

ಕಾರಿನಲ್ಲಿ ಭಾವ ಲೆಕ್ಕ ಹಾಕುತ್ತಾ ಕೂತಿದ್ದರು. ದುಡ್ಡು ಏರಿದಷ್ಟೂ ನಾವೇ ಯೋಚನೆ ಮಾಡಬೇಕು, ಹೋಟೆಲಿನವರು ಮಾಡುವುದು ಕಡಿಮೆ ಎಂಬುದು ಅವರ ಸಿದ್ಧಾಂತ. ‘ಇದು ಏನೂ ಅಲ್ಲಪ್ಪ’ ಎಂದ ಅಳಿಯ. ಅದೇ ಊರಿನಲ್ಲಿ ಇನ್ನೊಂದು ಸ್ಟೇಕ್ ಹೌಸ್ ಇದೆ. ಅಲ್ಲಿ ಹಸಿ ತುಂಡನ್ನು ತಟ್ಟೆಯಲ್ಲಿಟ್ಟು ಕೈಗೆ ಕೊಡುತ್ತಾರೆ. ನಡುವೆ ದೊಡ್ಡ ಇದ್ದಿಲ ಒಲೆ. ಗಿರಾಕಿಗಳೇ ಸುತ್ತ ನಿಂತು, ಇಕ್ಕಳ ಹಿಡಿದು, ತಮ್ಮದನ್ನು ತಾವೇ ಸುಟ್ಟುಕೊಳ್ಳುತ್ತಾರೆ. ಮದುವೆ ವಾರ್ಷಿಕೋತ್ಸವಕ್ಕೆ ಜನ ಅಲ್ಲಿಗೆ ಹೋಗುತ್ತಾರಂತೆ.

‘ಅದಕ್ಕೂ ಕಾಸು ಕೊಡಬೇಕಾ?’ ಎಂದರು ಭಾವ.

‘ಮತ್ತೆ?’

ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಕ್ಕ ಕಣ್ಣು ಬಿಟ್ಟಳು. ‘ಪಾತ್ರೆನಾದರೂ ಅವರೇ ತೊಳೀತಾರಾ, ಕೇಳು.’