ನಮ್ಮ ಬೀದಿಯಲ್ಲಿ ಒಂದು ಹನಿಯೂ ಇಲ್ಲ

ಬೆಂಗಳೂರಿನ ಮೇ ತಿಂಗಳ ಮಳೆಗೆ ಗಡಿಯಾರ ನೋಡಲು ಬರುತ್ತದೆ. ಬೆಳಗ್ಗೆ ಕಚೇರಿಗೆ ಹೊರಟಾಗ ಮೋಡದ ಸುಳಿವಿಲ್ಲ, ಊಟದ ಡಬ್ಬಿ ತೆರೆದಾಗಲೂ ಸುಡು ಬಿಸಿಲು. ಸಂಜೆ ಐದೂವರೆಗೆ ಬ್ಯಾಗು ಹೆಗಲಿಗೇರಿಸಿದ್ದೇ ತಡ, ಧೋ ಎಂದು ಶುರು.

ನಮ್ಮ ಸೆಕ್ಷನ್ನಿನ ಹಿರಿಯರು ಇದಕ್ಕೆ ಗ್ರಹಚಾರ ಕಾರಣ ಎನ್ನುತ್ತಾರೆ. ಹವಾಮಾನ ಶಾಸ್ತ್ರದ ಮಾತು ಬೇರೆ. ಹಗಲಿಡೀ ಕಾದ ನೆಲದಿಂದ ಬಿಸಿಗಾಳಿ ಮೇಲೇರಿ, ಅದರಲ್ಲಿನ ತೇವ ಮೋಡವಾಗಿ, ಆ ಮೋಡ ಹತ್ತು ಕಿಲೋಮೀಟರಿಗೂ ಎತ್ತರ ಬೆಳೆಯುವ ಹೊತ್ತಿಗೆ ಸಂಜೆಯಾಗಿರುತ್ತದೆ. ಅಂದರೆ ಮೋಡವೂ ದಿನವಿಡೀ ದುಡಿದೇ ಕೆಳಗಿಳಿಯುವುದು. ನಮ್ಮಂತೆ ನಾಳೆಗೆಂದು ಫೈಲು ಉಳಿಸಿಕೊಳ್ಳುವುದಿಲ್ಲ, ಅಷ್ಟೆ.

ಕಳೆದ ಮೇನಲ್ಲಿ ಹೀಗೇ ಒಂದು ಸಂಜೆ ಕಿಟಕಿಗಳು ಪಟಪಟ ಬಡಿದುಕೊಂಡವು. ಕರೆಂಟ್ ಹೋಯಿತು, ಯುಪಿಎಸ್‌ಗಳು ಕುಂಯ್ಗುಡತೊಡಗಿದವು. “ಕೃತ್ತಿಕೆ ಮಳೆ ಸ್ವಾಮಿ, ಹಿಂಗೇ” ಎಂದರು ಹಿರಿಯರು. ಅಷ್ಟರಲ್ಲಿ ಆಲಿಕಲ್ಲು! ವರ್ಷವಿಡೀ ಮುಖ ಗಂಟಿಕ್ಕಿಕೊಂಡೇ ಇರುವ ನಮ್ಮ ಮ್ಯಾನೇಜರು ಕಿಟಕಿಯಾಚೆ ಕೈ ಚಾಚಿ ಒಂದನ್ನು ಹಿಡಿದರು. ಅತ್ತಿತ್ತ ನೋಡಿ ಬಾಯಿಗೆ ಹಾಕಿಕೊಂಡರು. ನಾವೆಲ್ಲ ನೋಡದವರಂತೆ ಫೈಲು ಕಟ್ಟಿದೆವು.

ಮಳೆ ತಗ್ಗಿತೆಂದು ರೇನ್‌ಕೋಟು ತೊಟ್ಟು ಸ್ಕೂಟರ್ ಹತ್ತಿದೆ. ಸಿರ್ಸಿ ಸರ್ಕಲ್ ಫ್ಲೈಓವರ್ ಬಳಿ ಬರುವಷ್ಟರಲ್ಲಿ ಎರಡನೇ ಪಾಳಿ. ಕೆಳಗೆ ಆಗಲೇ ಬೈಕುಗಳ ಸಂತೆ. ಪಕ್ಕದವರೊಬ್ಬರು ರೇನ್‌ಕೋಟಿನ ಪ್ಯಾಂಟಿಗೆ ಒಂದು ಕಾಲು ತೂರಿಸಿ, ಇನ್ನೊಂದಕ್ಕಾಗಿ ಕುಂಟುತ್ತ, ಪರಿಚಯವೇ ಇಲ್ಲದ ನನ್ನ ಹೆಗಲು ಹಿಡಿದುಕೊಂಡರು. “ಎಲ್ಲಿಗೆ ಸಾರ್?” ಎಂದೂ ಕೇಳಿದರು.

ಮನೆಗೆ ಫೋನ್ ಮಾಡಿದೆ.

“ಮಳೇನಾ? ಏನ್ರೀ ಹೇಳ್ತೀರಾ? ಕೆಂಗೇರೀಲಿ ಒಂದು ಹನಿಯೂ ಇಲ್ಲ. ಮಹಡಿ ಮೇಲೆ ಸಂಡಿಗೆ ಇನ್ನೂ ಒಣಗ್ತಾ ಇದೆ.”

ಗುಡುಗು ಮಳೆಯ ಮೋಡದ ಅಗಲ ಕೆಲವೇ ಕಿಲೋಮೀಟರು. ಮರುದಿನದ ಪತ್ರಿಕೆಯಲ್ಲಿ ನಗರಕ್ಕೊಂದು, ಎಚ್‌ಎಎಲ್‌ಗೊಂದು, ಕೆಂಪೇಗೌಡ ವಿಮಾನ ನಿಲ್ದಾಣಕ್ಕೊಂದು ಮಳೆ ಲೆಕ್ಕ ಇರುವುದು ಅದಕ್ಕೇ. ಆದರೆ ಸಂಡಿಗೆಯ ಸಾಕ್ಷ್ಯದ ಮುಂದೆ ಪತ್ರಿಕೆಯ ಸಾಕ್ಷ್ಯ ನಿಲ್ಲುವುದಿಲ್ಲ. ನೆನೆದು ಹೋದರೆ “ಎಲ್ಲಾದರೂ ನಿಲ್ಲಬಾರದಿತ್ತೇ?”, ಒಣಗಿದ ಅಂಗಿಯಲ್ಲಿ ಹೋದರೆ “ಎಲ್ಲಿತ್ತು ಮಳೆ?”

ಊರೆಲ್ಲ ಒಪ್ಪುವ ಮಳೆಯೂ ಇಲ್ಲದಿಲ್ಲ. 2024ರ ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಸುರಿದು, 1891ರಿಂದ ಇದ್ದ ಜೂನ್ ತಿಂಗಳ ದಾಖಲೆ ಮುರಿಯಿತು. ಏನು ಪ್ರಯೋಜನ? ಅಂದು ಭಾನುವಾರ. ತಡವಾಗಿ ಮನೆಗೆ ಹೋಗಲು ಕಚೇರಿಯೇ ಇರಲಿಲ್ಲ.

ಆದ್ದರಿಂದ ಮನೆಯಲ್ಲಿರುವ ಓದುಗರಲ್ಲಿ ಒಂದು ವಿನಂತಿ: ಮೇ ತಿಂಗಳ ಸಂಜೆ ತಡವಾಗಿ ಬಂದವರು ಮಳೆ ಎಂದರೆ ದಯವಿಟ್ಟು ನಂಬಿ. ಸಂಡಿಗೆಯನ್ನು ಮಾತ್ರ ನಾಲ್ಕು ಗಂಟೆಗೇ ಒಳಗೆ ತನ್ನಿ.