ಗೆದ್ದದ್ದೇನೋ ಗೆದ್ದರು

ಪೂರ್ವ ಲಂಡನ್ನಿನ ವೆಸ್ಟ್ ಹ್ಯಾಮ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಯನ್ನು ಗುರುತು ಹಿಡಿಯಲು ಅವನ ಮೈಮೇಲಿನ ಕೆಂಗಂದು-ತಿಳಿನೀಲಿ ಅಂಗಿಯನ್ನು ನೋಡಬೇಕಾಗಿಲ್ಲ. ತಂಡ ಗೆದ್ದ ಸಂಜೆ ಅವನ ಮುಖ ನೋಡಿದರೆ ಸಾಕು. ಸೋತ ದಿನ ಅವನು ಒಂದು ಬಗೆಯ ನೆಮ್ಮದಿಯಲ್ಲಿರುತ್ತಾನೆ. ರೆಫರಿಯನ್ನು ಬೈಯುತ್ತಾನೆ, ಮಾಲೀಕರನ್ನು ಬೈಯುತ್ತಾನೆ, 2016ರಲ್ಲಿ ಹಳೆಯ ಅಪ್ಟನ್ ಪಾರ್ಕ್ ಮೈದಾನ ಬಿಟ್ಟು ಒಲಿಂಪಿಕ್ಸಿಗೆಂದು ಕಟ್ಟಿದ ಕ್ರೀಡಾಂಗಣಕ್ಕೆ ಬಂದದ್ದನ್ನು ಬೈಯುತ್ತಾನೆ, ಬೈದು ಹಗುರಾಗಿ ಮನೆ ಸೇರುತ್ತಾನೆ. ಕಷ್ಟವಾಗುವುದು ಗೆದ್ದ ದಿನ. ಅದರಲ್ಲೂ ಆಟದ ಮುಕ್ಕಾಲು ಪಾಲು ಹೊತ್ತು ಹನ್ನೊಂದು ಜನರೂ ತಮ್ಮ ಗೋಲಿನ ಮುಂದೆ ಬೀಡುಬಿಟ್ಟು, ನಡುವೆ ಎಲ್ಲೋ ಒಂದು ಕಾರ್ನರ್ ಸಿಕ್ಕಿ, ಚೆಕ್ ದೇಶದ ನೀಳಕಾಯದ ಟೊಮಾಸ್ ಸೌಚೆಕ್ ಅದಕ್ಕೆ ತಲೆ ಕೊಟ್ಟು, 1-0ರಿಂದ ಗೆದ್ದ ದಿನ. ಆಗ ಅವನು, ಮದುವೆಯ ಊಟ ಚೆನ್ನಾಗಿತ್ತೆಂದು ಹೆಣ್ಣಿನ ಕಡೆಯವರ ಎದುರು ಒಪ್ಪಿಕೊಳ್ಳಬೇಕಾಗಿ ಬಂದ ಗಂಡಿನ ಕಡೆಯ ಹಿರಿಯನಂತೆ ಕಾಣುತ್ತಾನೆ. "ಗೆದ್ದದ್ದೇನೋ ಗೆದ್ದರು" ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯುವುದಿಲ್ಲವೆಂದು ಪಕ್ಕದ ಸೀಟಿನವನಿಗೂ ಗೊತ್ತು. (ಅಭಿಮಾನಿಗಳಲ್ಲಿ ಹೆಂಗಸರೂ ಬೇಕಾದಷ್ಟಿದ್ದಾರೆ. ಮುಖ ಮಾತ್ರ ಇದೇ.)

ಈ ಅಸಮಾಧಾನಕ್ಕೆ ಅವನು ಕೊಡುವ ಕಾರಣ ಒಂದೇ: ಇದು ನಮ್ಮ ಮನೆತನದ ಆಟವಲ್ಲ. ಮನೆತನದ ಆಟ ಎಂದರೆ ಚೆಂಡನ್ನು ನೆಲದ ಮೇಲೆ ಇಟ್ಟು, ಸಣ್ಣ ಸಣ್ಣ ಪಾಸುಗಳಲ್ಲಿ, ಧೈರ್ಯವಾಗಿ ಮುಂದಕ್ಕೆ ಆಡುವುದು. ಅರವತ್ತರ ದಶಕದಲ್ಲಿ ರಾನ್ ಗ್ರೀನ್‌ವುಡ್ ಕಲಿಸಿದ್ದು, ಅವರ ನಂತರ ಜಾನ್ ಲಯಲ್ ಉಳಿಸಿಕೊಂಡು ಬಂದದ್ದು. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಿತೆಂದು ಪ್ರಪಂಚ ತಿಳಿದಿದೆ. ಇವನ ಪ್ರಕಾರ ಗೆದ್ದದ್ದು ವೆಸ್ಟ್ ಹ್ಯಾಮ್. ನಾಯಕ ಬಾಬಿ ಮೂರ್ ನಮ್ಮವರು, ಫೈನಲಿನಲ್ಲಿ ಮೂರು ಗೋಲು ಹೊಡೆದ ಜೆಫ್ ಹರ್ಸ್ಟ್ ನಮ್ಮವರು, ಉಳಿದೊಂದನ್ನು ಹೊಡೆದ ಮಾರ್ಟಿನ್ ಪೀಟರ್ಸ್ ನಮ್ಮವರು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದೇ ಮೂವರು ವಿಶ್ವಕಪ್ ಗೆದ್ದು ಬಂದು ಆಡಿದ 1966-67ರ ಲೀಗಿನಲ್ಲಿ ವೆಸ್ಟ್ ಹ್ಯಾಮ್ 22 ತಂಡಗಳ ಪೈಕಿ 16ನೆಯದು. ಈ ಲೆಕ್ಕವನ್ನು ಅವನು ಯಾರಿಗೂ ಒಪ್ಪಿಸುವುದಿಲ್ಲ. ಜೋ ಕೋಲ್, ಮೈಕಲ್ ಕ್ಯಾರಿಕ್, ಜರ್ಮೇನ್ ಡೆಫೊ, ಪಾವ್ಲೊ ಡಿ ಕಾನಿಯೊ ಇವರೆಲ್ಲ ಒಂದೇ ತಂಡದಲ್ಲಿದ್ದ 2002-03ರಲ್ಲಿ ಈ ಕ್ಲಬ್ಬು 42 ಪಾಯಿಂಟ್ ಗಳಿಸಿಯೂ ಹಿಂಬಡ್ತಿ ಪಡೆದು ಕೆಳಗಿನ ದರ್ಜೆಗೆ ಹೋಯಿತು. ಅಷ್ಟು ಪಾಯಿಂಟಿಗೆ ಸಾಮಾನ್ಯವಾಗಿ ಯಾರೂ ಜಾರುವುದಿಲ್ಲ. ಜಾರುವುದಕ್ಕೂ ಪ್ರತಿಭೆ ಬೇಕು. ಇಂಗ್ಲೆಂಡಿನ ಅಗ್ರ ಲೀಗನ್ನು ಕ್ಲಬ್ಬು ಒಮ್ಮೆಯೂ ಗೆದ್ದಿಲ್ಲ. 1985-86ರಲ್ಲಿ ಬಂದ ಮೂರನೆಯ ಸ್ಥಾನವೇ ಈವರೆಗಿನ ಶಿಖರ. ಅಂದರೆ ಮನೆತನದ ಆಸ್ತಿಯೆಂದು ಇವನು ಜತನವಾಗಿ ಕಾಯುತ್ತಿರುವುದರಲ್ಲಿ ದೊಡ್ಡ ಪಾಲು, ಅಂದವಾಗಿ ಹೇಳಿಕೊಳ್ಳಬಹುದಾದ ಸೋಲುಗಳು.

ಮನೆತನದಲ್ಲಿ ಇನ್ನೊಂದು ರೂಢಿಯೂ ಇದೆ. ರಸಿಕ ಮ್ಯಾನೇಜರು ತಂಡವನ್ನು ಪಾತಾಳದ ಅಂಚಿಗೆ ತಂದಾಗಲೆಲ್ಲ ವ್ಯವಹಾರಸ್ಥ ಮ್ಯಾನೇಜರನ್ನು ಕೈಮುಗಿದು ಕರೆಯುವುದು, ಅವರು ಮೇಲೆತ್ತಿದ ಕೂಡಲೇ ಮತ್ತೊಬ್ಬ ರಸಿಕನನ್ನು ಹುಡುಕುವುದು. 2011ರಲ್ಲಿ ಹಿಂಬಡ್ತಿಯಾದಾಗ ಸ್ಯಾಮ್ ಅಲಾರ್ಡೈಸ್ ಬಂದರು, ಒಂದೇ ವರ್ಷದಲ್ಲಿ ಪ್ರೀಮಿಯರ್ ಲೀಗಿಗೆ ವಾಪಸು ತಂದರು, ಮುಂದಿನ ಮೂರು ವರ್ಷ ಭದ್ರವಾಗಿ ನಡುಮಧ್ಯದಲ್ಲಿ ಕೂರಿಸಿದರು. ಅದಕ್ಕೆ ಸಿಕ್ಕ ಸನ್ಮಾನ ನೋಡಿ: 2014ರ ಮಾರ್ಚ್‌ನಲ್ಲಿ ಹಲ್ ಸಿಟಿಯನ್ನು 2-1ರಿಂದ ಸೋಲಿಸಿದ ರಾತ್ರಿ ಅವರದೇ ಮೈದಾನದಲ್ಲಿ, ಅವರದೇ ಜನ, ಗೆದ್ದ ತಂಡಕ್ಕೆ ಧಿಕ್ಕಾರ ಕೂಗಿದರು. ಅಲಾರ್ಡೈಸ್ ಕಿವಿಗೆ ಕೈ ಒಡ್ಡಿ, ಸರಿಯಾಗಿ ಕೇಳಿಸುತ್ತಿಲ್ಲವೆಂಬಂತೆ ಗ್ಯಾಲರಿಯತ್ತ ನೋಡಿದರು. 2015ರಲ್ಲಿ ಅವರು ಹೋಗಿ ಸ್ಲಾವೆನ್ ಬಿಲಿಚ್ ಬಂದರು. ಮೊದಲ ವರ್ಷ ನಿಜಕ್ಕೂ ಹಬ್ಬ: ಡಿಮಿಟ್ರಿ ಪಯೆಟ್ ಫ್ರೀ ಕಿಕ್ಕುಗಳು, ಏಳನೆಯ ಸ್ಥಾನ, ಅಪ್ಟನ್ ಪಾರ್ಕಿನ ಕೊನೆಯ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ 3-2ರ ಗೆಲುವು. 2017ರ ನವೆಂಬರ್ ಹೊತ್ತಿಗೆ ತಂಡ ಮತ್ತೆ ಮುಳುಗುವ ಜಾಗದಲ್ಲಿತ್ತು. ಸ್ಕಾಟ್ಲೆಂಡಿನ ಡೇವಿಡ್ ಮೋಯಸ್ ಬಂದು ಉಳಿಸಿದರು. ಉಳಿಸಿದ್ದಾಯಿತಲ್ಲ, ಇನ್ನು ಹೊರಡಿ ಎಂದರು. ಮ್ಯಾಂಚೆಸ್ಟರ್ ಸಿಟಿಗೆ ಲೀಗ್ ಗೆದ್ದುಕೊಟ್ಟಿದ್ದ ಮ್ಯಾನುಯೆಲ್ ಪೆಲ್ಲೆಗ್ರಿನಿ ಬಂದರು. 2019ರ ಡಿಸೆಂಬರಿನಲ್ಲಿ ತಂಡ ಮತ್ತೆ ಅಂಚಿನಲ್ಲಿ. ಬಾಗಿಲು ತೆರೆದರೆ ಅದೇ ಮೋಯಸ್, ಅದೇ ಗಂಭೀರ ಮುಖ. ಒಂದೂವರೆ ವರ್ಷದ ಹಿಂದೆ ಕಳಿಸಿಕೊಟ್ಟವರನ್ನೇ ಮತ್ತೆ ಕರೆಸಿಕೊಂಡ ಮುಜುಗರವನ್ನು ಅಭಿಮಾನಿ ತನ್ನ ಮೇಲೆ ಹಾಕಿಕೊಳ್ಳಲಿಲ್ಲ. ಮ್ಯಾನೇಜರರ ಮೇಲೆ ಹಾಕಿದ.

ಅವನ ದೂರು ನಿಜವಾಗಿಯೂ ಅಂದಚೆಂದದ ಬಗ್ಗೆಯೇ ಎಂದು ಪರೀಕ್ಷಿಸಲು 2020-21ರ ಋತು ಒಳ್ಳೆಯ ಸಾಕ್ಷಿ. ಮೋಯಸ್ ಆಡಿಸಿದ್ದು ತಮಗೆ ಗೊತ್ತಿದ್ದ ಆಟವನ್ನೇ: ಹಿಂದೆ ಕಟ್ಟಿಕೊಂಡು ನಿಲ್ಲುವುದು, ಚೆಂಡು ಸಿಕ್ಕೊಡನೆ ಮಿಕೇಲ್ ಆಂಟೋನಿಯೊ ಓಡುವ ದಿಕ್ಕಿಗೆ ಎಸೆಯುವುದು, ಕಾರ್ನರು-ಫ್ರೀ ಕಿಕ್ಕುಗಳನ್ನು ದುಡಿಸಿಕೊಳ್ಳುವುದು. ತಂಡ 65 ಪಾಯಿಂಟ್ ಗಳಿಸಿ ಆರನೆಯದಾಯಿತು. ಸೊಗಸಿಗೆ ಹೆಸರಾದ ಆರ್ಸೆನಲ್ ಆ ವರ್ಷ ಹೊಡೆದದ್ದು 55 ಗೋಲು, ಬೇಸರಕ್ಕೆ ಹೆಸರಾದ ಮೋಯಸ್ ತಂಡ ಹೊಡೆದದ್ದು 62. ಎರವಲು ಬಂದ ಜೆಸ್ಸಿ ಲಿಂಗಾರ್ಡ್ 16 ಪಂದ್ಯಗಳಲ್ಲಿ ಒಂಬತ್ತು ಗೋಲು ಹೊಡೆದರು. ಆಗ ನಮ್ಮ ಅಭಿಮಾನಿ ಮನೆತನದ ಆಟದ ಮಾತೆತ್ತಲಿಲ್ಲ. ತಂಡ ಕೆಳಗಿಳಿದೀತೆಂದು ಹೆದರಿದ್ದವನಿಗೆ ಆರನೆಯ ಸ್ಥಾನ ಬಂದಾಗ ಪ್ರತಿಯೊಂದು ಪ್ರತಿದಾಳಿಯೂ ಕಾವ್ಯವಾಗಿ ಕಂಡಿತು. ಎರಡು ವರ್ಷದ ಬಳಿಕ ಆರನೆಯ ಸ್ಥಾನ ತನ್ನ ಹಕ್ಕೆಂದು ಅವನಿಗೆ ಅನ್ನಿಸತೊಡಗಿದಾಗ ಅದೇ ಪ್ರತಿದಾಳಿ ಗದ್ಯವಾಯಿತು. ಆಟ ಬದಲಾಗಿರಲಿಲ್ಲ, ನೋಡುವವನ ಅಂತಸ್ತು ಏರಿತ್ತು. ಏರಿಸಿದವರು ಯಾರೆಂಬುದು ಅವನಿಗೆ ಚೆನ್ನಾಗಿ ಗೊತ್ತು, ಅವನ ಸಂಕಟ ಅಲ್ಲಿಂದಲೇ ಶುರು. ತಾನಾಗಿ ಎಂದೂ ಆರಿಸಿಕೊಳ್ಳದ, ತನ್ನ ಅಭಿರುಚಿಗೆ ಒಗ್ಗದ ಒಬ್ಬರ ಋಣಕ್ಕೆ ಬಿದ್ದವನ ಸಂಕಟ ಅದು. ಋಣ ಸಣ್ಣದಾಗಿದ್ದರೆ ಒಂದು ಧನ್ಯವಾದ ಹೇಳಿ ಮರೆಯಬಹುದಿತ್ತು.

ಆದರೆ 2023ರ ಜೂನ್ 7ರಂದು ಅದು ತೀರಿಸಲಾಗದಷ್ಟು ಬೆಳೆಯಿತು. ಪ್ರಾಗ್ ನಗರದಲ್ಲಿ ಕಾನ್ಫರೆನ್ಸ್ ಲೀಗಿನ ಫೈನಲ್, ಎದುರಿಗೆ ಇಟಲಿಯ ಫಿಯೊರೆಂಟಿನಾ. ಚೆಂಡು ಹೆಚ್ಚು ಹೊತ್ತು ಇಟಲಿಯವರ ಕಾಲಲ್ಲೇ ಇತ್ತು. ವೆಸ್ಟ್ ಹ್ಯಾಮ್ ಪರ ಬೆನ್ರಹ್ಮಾ ಪೆನಾಲ್ಟಿಯಲ್ಲಿ ಒಂದು ಗೋಲು ಹೊಡೆದರು, ಫಿಯೊರೆಂಟಿನಾ ಸಮ ಮಾಡಿತು. 90ನೆಯ ನಿಮಿಷದಲ್ಲಿ ಪಕೆಟಾ ಕೊಟ್ಟ ಪಾಸಿಗೆ ಜ್ಯಾರೊಡ್ ಬೋವೆನ್ ಒಬ್ಬರೇ ಓಡಿ ಗೆಲುವಿನ ಗೋಲು ಹೊಡೆದರು. 1980ರ ಎಫ್‌ಎ ಕಪ್ಪಿನ ನಂತರ ಕ್ಲಬ್ಬಿಗೆ ಬಂದ ಮೊದಲ ದೊಡ್ಡ ಪ್ರಶಸ್ತಿ, 1965ರ ನಂತರ ಯೂರೋಪಿನಲ್ಲಿ ಗೆದ್ದ ಮೊದಲನೆಯದು. ಮೋಯಸ್ ತಮ್ಮ ಪದಕವನ್ನು ವಯಸ್ಸಾದ ತಂದೆಯ ಕೊರಳಿಗೆ ಹಾಕಿದರು. ಎರಡು ತಿಂಗಳ ಹಿಂದಷ್ಟೇ ನ್ಯೂಕಾಸಲ್ ಎದುರು ಸ್ವಂತ ಮೈದಾನದಲ್ಲಿ 5-1ರಿಂದ ಸೋತಾಗ ಇದೇ ಮನುಷ್ಯನನ್ನು ತೆಗೆದುಹಾಕಿ ಎಂದವನು ಪ್ರಾಗ್‌ನ ಬೀದಿಯಲ್ಲಿ ಅಪರಿಚಿತರನ್ನು ತಬ್ಬಿಕೊಂಡು ಅತ್ತ. ಮಾರನೆಯ ವಾರ ಕಣ್ಣೀರು ಒರೆಸಿಕೊಂಡು, ಲೀಗಿನಲ್ಲಿ ನಾವು ಹದಿನಾಲ್ಕನೆಯವರಲ್ಲವೇ ಎಂದು ಕೇಳಿದ. ಬೆಂಗಳೂರು ಎಫ್‌ಸಿ ಬೆಂಬಲಿಗರನ್ನು ಇವನ ಪಕ್ಕ ನಿಲ್ಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 2019ರ ಐಎಸ್‌ಎಲ್ ಫೈನಲಿನಲ್ಲಿ ಸೊಗಸಾದ ಆಟಕ್ಕೆ ಹೆಸರಾಗಿದ್ದವರು ಗೋವಾದವರು. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ ಕಾರ್ನರೊಂದಕ್ಕೆ ರಾಹುಲ್ ಭೇಕೆ ತಲೆ ಕೊಟ್ಟು ಬೆಂಗಳೂರು 1-0ರಿಂದ ಗೆದ್ದಿತು. ಸೌಚೆಕ್ ನೋಡಿದ್ದರೆ ತಲೆದೂಗುತ್ತಿದ್ದರು. ಆದರೂ ಕಪ್ಪು ಹೇಗೆ ಬಂತೆಂದು ಮುಖ ಸಿಂಡರಿಸುವ ಗೊಡವೆಗೆ ಬೆಂಗಳೂರು ಹೋಗಲಿಲ್ಲ. ಹುಟ್ಟಿ ಆರು ವರ್ಷವೂ ತುಂಬಿರದ ಕ್ಲಬ್ಬು ಅದು. ಮುಖ ಸಿಂಡರಿಸುವುದಕ್ಕೆ ಗೋಡೆಯ ಮೇಲೆ ಒಂದೆರಡು ತಲೆಮಾರಿನ ಫೋಟೊಗಳಾದರೂ ಬೇಕು.

ದುಡ್ಡು ಕೊಟ್ಟು ಟಿಕೆಟ್ ಕೊಂಡವನು ಒಳ್ಳೆಯ ಆಟ ಕೇಳುವುದು ತಪ್ಪೇ ಎಂದು ಯಾರಾದರೂ ಅವನ ಪರ ವಾದಿಸಬಹುದು. ಕೇಳುವುದು ತಪ್ಪಲ್ಲ. ಆದರೆ ಸೊಗಸೊಂದೇ ಬೇಕಾಗಿದ್ದರೆ ಅದೇ ದೇಶದಲ್ಲಿ ಪೆಪ್ ಗಾರ್ಡಿಯೊಲ ಆಡಿಸುತ್ತಿದ್ದ ಮ್ಯಾಂಚೆಸ್ಟರ್ ಸಿಟಿಯನ್ನು ಮನೆಯಲ್ಲೇ ಕೂತು ಟಿವಿಯಲ್ಲಿ ನೋಡಬಹುದಿತ್ತು. ಆ ಸಲಹೆ ಕೊಟ್ಟವರ ಜೊತೆ ಅವನು ಮಾತು ಬಿಡುತ್ತಾನೆ. ಅವನು ಸಿನಿಮಾ ಟಿಕೆಟ್ ಕೊಂಡ ಪ್ರೇಕ್ಷಕನಲ್ಲ, ಅಪ್ಪ ಅಜ್ಜಂದಿರಿಂದ ಈ ಕ್ಲಬ್ಬನ್ನು ಬಳುವಳಿಯಾಗಿ ಪಡೆದವನು. ಆದ್ದರಿಂದ ಗಿರಾಕಿಯ ವಾದ ಅವನ ಬಾಯಲ್ಲಿ ಅಷ್ಟು ಒಪ್ಪುವುದಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಒಂದು ಕಪ್ಪು ತಂದರೆಂದು ಜೀವಮಾನವಿಡೀ ಸಹಿಸಬೇಕೇ? ಬೇಡ. 2023-24ರಲ್ಲಿ ಅವನ ಅಸಮಾಧಾನಕ್ಕೆ ಪೂರ್ತಿ ಆಧಾರವಿತ್ತು. ರಕ್ಷಣೆಯೇ ತನ್ನ ಕಸುಬೆನ್ನುವ ಮ್ಯಾನೇಜರರ ತಂಡ 38 ಪಂದ್ಯಗಳಲ್ಲಿ 74 ಗೋಲು ಬಿಟ್ಟುಕೊಟ್ಟಿತು. ಆರ್ಸೆನಲ್ ಇವರ ಮನೆಗೇ ಬಂದು 6-0 ಹೊಡೆದು ಹೋಯಿತು. ಸೊಗಸೂ ಇಲ್ಲ, ಭದ್ರತೆಯೂ ಇಲ್ಲ ಎಂದಾದ ಮೇಲೆ ಮ್ಯಾನೇಜರನ್ನು ಬದಲಿಸಬೇಕೆನ್ನುವುದು ಕೃತಘ್ನತೆಯಲ್ಲ, ಅಂಕಗಣಿತ. ಆದರೆ ತಮಾಷೆ ನೋಡಿ, ಆ ವರ್ಷ ಅವನು ಕೂಗಿದ್ದು ಸೋರುವ ರಕ್ಷಣೆಯ ಬಗ್ಗೆ ಅಷ್ಟಾಗಿ ಅಲ್ಲ, ಬೋರು ಆಟದ ಬಗ್ಗೆ. ತಂಡ ಹೊಡೆದದ್ದು 60 ಗೋಲು, ಅವನು ಕುಣಿದಾಡಿದ ಆ ಸುವರ್ಣ ವರ್ಷಕ್ಕಿಂತ ಎರಡೇ ಕಡಿಮೆ. ಎರಡೂ ಕಡೆಯದನ್ನು ಕೂಡಿದರೆ ಪಂದ್ಯಕ್ಕೆ ಮೂರೂವರೆ ಗೋಲು. ನಿದ್ದೆ ಬರುವ ಆಟವಂತೂ ಅದಾಗಿರಲಿಲ್ಲ. ಸರಿಯಾದ ತೀರ್ಪಿಗೆ ತಪ್ಪು ಕಾರಣ ಬರೆದುಕೊಟ್ಟ.

2024ರ ಬೇಸಿಗೆಯಲ್ಲಿ ಮೋಯಸ್ ಒಂಬತ್ತನೆಯ ಸ್ಥಾನದಲ್ಲಿ ತಂಡವನ್ನು ಬಿಟ್ಟು ಹೋದರು. ಚೆಂಡನ್ನು ಕಾಲಲ್ಲಿಟ್ಟುಕೊಂಡು ಆಡಿಸುವರೆಂಬ ನಂಬಿಕೆಯಲ್ಲಿ ಹುಲೆನ್ ಲೊಪೆಟೆಗಿಯನ್ನು ಕರೆತಂದರು, 2025ರ ಜನವರಿ 8ರಂದು ಕಳಿಸಿಕೊಟ್ಟರು. ಅದೇ ವಾರ ಮೋಯಸ್ ತಮ್ಮ ಹಳೆಯ ಕ್ಲಬ್ಬು ಎವರ್ಟನ್ನನ್ನು ಸೇರಿದರು. ಮಾರ್ಚ್ 15ರಂದು ಗುಡಿಸನ್ ಪಾರ್ಕಿನಲ್ಲಿ ಎರಡೂ ತಂಡಗಳು ಎದುರಾದವು. ವೆಸ್ಟ್ ಹ್ಯಾಮ್ ಪರ ಗೋಲು ಹೊಡೆದವರು ಸೌಚೆಕ್, 2020ರಲ್ಲಿ ಮೋಯಸ್ ಅವರೇ ಪ್ರಾಗ್‌ನಿಂದ ಕರೆಸಿಕೊಂಡವರು. ಅಭಿಮಾನಿ ಎದ್ದು ನಿಂತು ಕೂಗಿದ. ಇನ್ನೇನು ಗೆದ್ದೆವು ಎನ್ನುವ ಹೊತ್ತಿಗೆ, 90 ನಿಮಿಷ ಮುಗಿದ ಮೇಲೆ, ಎವರ್ಟನ್ನಿನ ನೀಳಕಾಯದ ಡಿಫೆಂಡರ್ ಜೇಕ್ ಒಬ್ರಿಯನ್ ತಲೆ ಕೊಟ್ಟು 1-1 ಮಾಡಿದರು. ಇಂಥ ಗೋಲಿಗೆ ವರ್ಷಗಟ್ಟಲೆ ಮೂಗು ಮುರಿದವನು ಈಗ ಅದನ್ನು ಎದುರಾಳಿಯ ಜಾಗದಿಂದ ನೋಡಿದ. ಋತು ಮುಗಿದಾಗ ಎವರ್ಟನ್ 48 ಪಾಯಿಂಟಿನೊಡನೆ 13ನೆಯದು, ವೆಸ್ಟ್ ಹ್ಯಾಮ್ 43ರೊಡನೆ 14ನೆಯದು. ಎವರ್ಟನ್ ಮೇಲೆ ಬಂತಲ್ಲ ಎಂದು ಯಾರೋ ಕೆಣಕಿದರೆ ಅವನ ಉತ್ತರ ಸಿದ್ಧವಿತ್ತು: "ಬಂದದ್ದೇನೋ ಬಂದರು, ಆದರೆ ಆ ಆಟ ವಾರವಾರ ಕೂತು ನೋಡುವವರ ಕಷ್ಟ ನಮಗೆ ಗೊತ್ತು."